ಫೈರ್ ಇಂಜಿನ್ ತಿರುಗಿದ ಮೂಲೆ

ಆ ಕೂಡುರಸ್ತೆಯಲ್ಲಿ ಸೈಕಲ್ ದಾರಿ ಹೀಗೇಕೆ ಇದೆ ಎಂದು ಕೇಳಿದವರಿಗೆಲ್ಲ ರಸ್ತೆ ಇಲಾಖೆಯ ಇಂಜಿನಿಯರಮ್ಮ ಒಂದೇ ಉತ್ತರ ಕೊಡುತ್ತಿದ್ದಳು: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಉದ್ದದ ರಸ್ತೆ ಒಂದೇ ನಕ್ಷೆಹಾಳೆಯಲ್ಲಿ ಹಿಡಿಸುವುದಿಲ್ಲ. ಅವಳು ಕೆಲಸಕ್ಕೆ ಸೇರುವ ಮೊದಲೇ ಅದರ ಅರ್ಧವನ್ನು ಕಿಟಕಿ ಪಕ್ಕದ ಮೇಜಿನವರು, ಇನ್ನರ್ಧವನ್ನು ಬಾಗಿಲ ಪಕ್ಕದ ಮೇಜಿನವರು ಬರೆದು ಮುಗಿಸಿದ್ದರು. ಕೂಡುರಸ್ತೆ ಸರಿಯಾಗಿ ಎರಡು ಹಾಳೆಗಳ ಅಂಚಿಗೆ ಬಿದ್ದಿತ್ತು. ಕಿಟಕಿಯವರು ಬಾಗಿಲಿನವರು ಬರೆಯುತ್ತಾರೆ ಅಂದುಕೊಂಡರು. ಬಾಗಿಲಿನವರು ಕಿಟಕಿಯವರು ಬರೆದಿರುತ್ತಾರೆ ಅಂದುಕೊಂಡರು. ಕಟ್ಟುವವರು ಹಾಳೆಯಲ್ಲಿದ್ದಷ್ಟನ್ನೇ ಕಟ್ಟಿದರು. ಹೀಗಾಗಿ ಹಸಿರು ಬಣ್ಣದ ದಾರಿ ಸೈಕಲಿನವರನ್ನು ಕೈಹಿಡಿದು ಕರೆತಂದು, ಲಾರಿಗಳು ಎಡಕ್ಕೆ ಹೊರಳುವ ಜಾಗದಲ್ಲೇ ಕೈಬಿಟ್ಟು, ಆಚೆ ದಡದಲ್ಲಿ ಏನೂ ಗೊತ್ತಿಲ್ಲದವರ ಹಾಗೆ ಮತ್ತೆ ಶುರುವಾಗುತ್ತಿತ್ತು. ಮೂಲೆಯೋ ವಿಶಾಲವಾದ ತಿರುವು. ಲಾರಿಯವರು ಬ್ರೇಕಿನ ಮೇಲೆ ಕಾಲಿಡದೆ ತಿರುಗಿಬಿಡುತ್ತಿದ್ದರು.

ಈ ಮಾತನ್ನು ಅವಳು ನಗುತ್ತ ಹೇಳುವುದನ್ನು ನಿಲ್ಲಿಸಿದ್ದು ಒಂದು ಲಾರಿ ಅಲ್ಲಿ ಅವಳ ಮಗಳನ್ನೇ ಸವರಿಕೊಂಡು ಹೋದ ದಿನ. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು: ಮೊಣಕೈ ತರಚಿತು, ಸೈಕಲ್ಲಿನ ಹಿಂದಿನ ಚಕ್ರ ಸೊಟ್ಟಗಾಯಿತು. ಚಕ್ರ ರಿಪೇರಿಯಾಗಿ ಬಂದ ಸಂಜೆಯೇ ಅತ್ತೆ ಸೈಕಲ್ಲಿಗೆ ಬೀಗ ಜಡಿದರು.

"ಅಜ್ಜಿ, ನಾನು ಸರಿಯಾಗೇ ಹೋಗ್ತಿದ್ದೆ. ಬಣ್ಣ ಹಚ್ಚಿರೋ ದಾರೀಲೇ ಹೋಗ್ತಿದ್ದೆ."

"ಸರಿಯಾಗಿ ಹೋದವರು ಆಸ್ಪತ್ರೇಲಿ ಬೇಕಾದಷ್ಟು ಜನ ಇದಾರೆ. ನಿಮ್ಮಮ್ಮನ ಆಫೀಸಿನವರು ಆ ಮೂಲೆ ಸರಿ ಮಾಡ್ಲಿ, ಬೀಗ ತೆಗೀತೀನಿ."

ಮಗಳು ಅಮ್ಮನ ಮುಖ ನೋಡಿದಳು. "ಹಾಗಾದ್ರೆ ನನ್ನ ಮೊಮ್ಮಕ್ಕಳು ಓಡಿಸ್ತಾರೆ ಬಿಡಿ."

ಪಾತ್ರೆ ತೊಳೆಯುತ್ತಿದ್ದ ಇಂಜಿನಿಯರಮ್ಮನಿಗೆ ಆ ಮಾತು ಚುರುಕ್ಕೆಂದಿತು. ಮರುದಿನದಿಂದ ಹುಡುಗಿ ಬಸ್ಸಿನಲ್ಲಿ ಯಾರದೋ ಬ್ಯಾಗಿನ ಕೆಳಗೆ ಸಿಕ್ಕಿಕೊಂಡು ಶಾಲೆಗೆ ಹೋದಳು. ಮನೆಗೆ ಬಂದು ಒಂದು ಮೂಲೆ ಹಿಡಿದು ಕೂತಳು. ಬೈದಿದ್ದರೆ ಸಹಿಸಬಹುದಿತ್ತು, ಅವಳು ಬೈಯಲೂ ಇಲ್ಲ.

ದೊಡ್ಡ ಸಾಹೇಬರ ಮುಂದೆ ಇಂಜಿನಿಯರಮ್ಮ ಹೇಳಿದ್ದು ಇಷ್ಟೇ: ಮೂಲೆಯಲ್ಲಿ ಫುಟ್‌ಪಾತಿನ ಕಲ್ಲುಕಟ್ಟೆಯನ್ನು ರಸ್ತೆಯೊಳಕ್ಕೆ ಚಾಚೋಣ. ಆಗ ಲಾರಿಗಳು ಮೆಲ್ಲಗೆ, ಪೂರ್ತಿ ಹೊರಳಿಕೊಂಡು ತಿರುಗಬೇಕಾಗುತ್ತದೆ. ಸೈಕಲ್ ದಾಟುವ ಜಾಗ ಚಾಲಕನ ಪಕ್ಕಕ್ಕಲ್ಲ, ಕಣ್ಣೆದುರಿಗೇ ಬರುತ್ತದೆ.

ಸಾಹೇಬರು ಕೆಟ್ಟವರಲ್ಲ. ಆದರೆ ಅವರ ಚಿಂತೆ ಬೇರೆ. "ಲಾರಿ ಬಿಡಮ್ಮ. ಅಷ್ಟು ಇಕ್ಕಟ್ಟು ಮಾಡಿದ್ರೆ ಫೈರ್ ಇಂಜಿನ್ ಹೇಗೆ ತಿರುಗುತ್ತೆ? ಅಡ್ಡರಸ್ತೆಯಲ್ಲಿ ಎತ್ತರದ ಮನೆಗಳಿವೆ. ಬೆಂಕಿ ಬಿದ್ರೆ ಜನ ಹಿಡಿಯೋದು ನನ್ನ ಕತ್ತನ್ನ."

"ತಿರುಗಿಸಿ ನೋಡೋಣ ಸಾರ್. ಕಲ್ಲಿನ ಬದಲು ಕೋನ್ ಇಟ್ಟು ನೋಡೋಣ."

"ನೋಡೋಣ. ಆದರೆ ಒಂದೇ ಒಂದು ಕೋನ್ ಬಿದ್ರೂ ಈ ವಿಷಯ ಮತ್ತೆ ನನ್ನ ಮೇಜಿನ ಮೇಲೆ ಬರಬಾರದು."

"ಬೀಳದಿದ್ರೆ?"

"ಬೀಳದಿದ್ರೆ ಸೋಮವಾರವೇ ಕಲ್ಲು ಕೂರಿಸೋಣ."

ಭಾನುವಾರ ಬೆಳಗ್ಗೆ ಇಂಜಿನಿಯರಮ್ಮ ತಾನೇ ಅಳೆದು ಮೂಲೆಯ ಸುತ್ತ ಕೋನುಗಳನ್ನು ಇಟ್ಟಳು. ಬೇಡವೆಂದರೂ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಸಾಹೇಬರು ನ್ಯಾಯವಾದ ಪರೀಕ್ಷೆಯೇ ಆಗಲೆಂದು ತಮ್ಮ ಕಾರನ್ನು ಅಡ್ಡರಸ್ತೆಯ ನಿಲುಗಡೆ ಗೆರೆಯ ಮೇಲೆ, ಸಿಗ್ನಲ್‌ಗೆ ಕಾಯುವವರಂತೆ ನಿಲ್ಲಿಸಿದರು.

ಫೈರ್ ಇಂಜಿನ್ ಚಾಲಕನನ್ನು ಅಗ್ನಿಶಾಮಕ ಠಾಣೆಯವರು 'ಬಿರುಗಾಳಿ' ಎಂದು ಕರೆಯುತ್ತಿದ್ದರು. ಆತ ಕಿಟಕಿಯಿಂದ ಬಗ್ಗಿ, "ಮೇಡಂ, ಮೊದಲೇ ಹೇಳ್ಬಿಡ್ತೀನಿ. ನಿಮಗೋಸ್ಕರ ಮೆಲ್ಲಗೆ ಓಡಿಸೋಲ್ಲ. ಬೆಂಕಿಗೆ ಹೇಗೆ ಹೋಗ್ತೀನೋ ಹಾಗೇ ಹೋಗೋದು" ಎಂದ.

"ಹಾಗೇ ಹೋಗಿ. ನೀವು ಮುಲಾಜು ಮಾಡಿದ್ರೆ ನನಗೆ ಉಪಯೋಗ ಇಲ್ಲ."

ಬಿರುಗಾಳಿ ಮುಲಾಜು ಮಾಡಲಿಲ್ಲ. ಕೆಂಪು ಗಾಡಿ ಗುಡುಗುತ್ತ ಬಂತು, ಮೂತಿ ತಿರುಗಿಸಿತು, ಅರ್ಧ ತಿರುವಿನಲ್ಲಿ ತಟ್ಟನೆ ಒಳಕ್ಕೆ ಎಳೆದುಕೊಂಡಿತು. ಹಿಂದಿನ ಚಕ್ರದ ಕೆಳಗೆ ಒಂದು ಕೋನ್ ಚಪ್ಪಟೆಯಾಯಿತು.

ಮಗಳು ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು. ಸಾಹೇಬರು ಹತ್ತಿರ ಬಂದು, "ಹೋಗ್ಲಿ ಬಿಡಮ್ಮ, ಚೆನ್ನಾಗೇ ಯೋಚನೆ ಮಾಡಿದ್ದೆ" ಎಂದರು. ಅವರ ದನಿಯಲ್ಲಿದ್ದ ಮರುಕ ಇಂಜಿನಿಯರಮ್ಮನಿಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಅವಳು ಕೋನನ್ನು ನೋಡಲಿಲ್ಲ, ರಸ್ತೆಯ ಮೇಲಿನ ಟೈರಿನ ಗುರುತನ್ನು ನೋಡಿದಳು. ಅದು ಬಳೆಯಂತೆ ದುಂಡಗೆ ಬಂದು, ಸಾಹೇಬರ ಕಾರಿನ ಎದುರಿಗೆ ಬಂದಾಗ ಮಾತ್ರ ಮುರಿದು ಒಳಕ್ಕೆ ಬಾಗಿತ್ತು.

ಅಷ್ಟರಲ್ಲಿ ಬಿರುಗಾಳಿ ಗಾಡಿಯನ್ನು ಅಲ್ಲೇ ಅಡ್ಡ ಬಿಟ್ಟು ಇಳಿದಿದ್ದ. "ಕೋನ್ ಬೀಳಿಸಿದ್ದು ನಾನಲ್ಲ, ಆ ಕಾರು. ನಾನು ತಿರುಗೋ ಜಾಗಕ್ಕೇ ಮೂಗು ಚಾಚ್ಕೊಂಡು ನಿಂತಿದೆ. ಯಾವ ಪುಣ್ಯಾತ್ಮಂದು ಅದು?"

"ನಂದು" ಎಂದರು ಸಾಹೇಬರು.

ಬಿರುಗಾಳಿ ಗಂಟಲು ಸರಿಮಾಡಿಕೊಂಡ. "ಕಾರು ಚೆನ್ನಾಗಿದೆ ಸಾರ್. ಜಾಗ ಚೆನ್ನಾಗಿಲ್ಲ."

"ಸಾರ್ ನಿಲ್ಸಿದ್ದು ಗೆರೆ ಮೇಲೇ" ಎಂದಳು ಇಂಜಿನಿಯರಮ್ಮ. "ಗೆರೆಯೇ ತಪ್ಪು ಜಾಗದಲ್ಲಿದೆ." ಆ ಗೆರೆ ಇದ್ದದ್ದು ಅಡ್ಡರಸ್ತೆಯ ಹಾಳೆಯಲ್ಲಿ. ಮೂಲೆಯನ್ನು ಕೂದಲೆಳೆಯಷ್ಟು ಸರಿಯಾಗಿ ಅಳೆದವಳು ತನ್ನ ಹಾಳೆಯ ಅಂಚಿಗೆ ಬಂದು ನಿಂತುಬಿಟ್ಟಿದ್ದಳು, ಥೇಟ್ ಆ ಕಿಟಕಿ ಮೇಜಿನವರ ಹಾಗೆ. "ಗೆರೆ ಹಿಂದಕ್ಕೆ ಹಾಕೋಣ. ಕಾಯುವ ಕಾರುಗಳು ಎರಡು ಕಾರಿನಷ್ಟು ಹಿಂದೆ ನಿಂತರೆ ತಿರುಗೋಕೆ ಬೇಕಾದಷ್ಟು ಜಾಗ ಸಿಗುತ್ತೆ."

"ಒಂದು ಕೋನ್ ಬಿದ್ರೂ ಅಂತ ಮಾತಾಗಿತ್ತಲ್ಲಮ್ಮ."

ಅವಳು ಬಾಯಿ ತೆರೆಯುವ ಮೊದಲೇ ಬಿರುಗಾಳಿ ಅಂದ: "ಸಾರ್, ನಾನು ಇಷ್ಟು ವರ್ಷದಲ್ಲಿ ಒಂದು ಕಂಬಕ್ಕೂ ಗಾಡಿ ತಾಗಿಸಿದವನಲ್ಲ. ಈ ಕೋನಿನ ಸುದ್ದಿ ನನಗಿಂತ ಮೊದಲೇ ಠಾಣೆ ತಲುಪುತ್ತೆ. ಇನ್ನೊಂದು ಸಲ ತಿರುಗಿಸೋಕೆ ನೀವು ಒಪ್ಪೋವರೆಗೂ ನಾನಂತೂ ಗಾಡಿ ಹತ್ತೋಲ್ಲ."

ಅಡ್ಡ ನಿಂತ ಗಾಡಿಯ ಹಿಂದೆ ಆಗಲೇ ಹಾರ್ನುಗಳು ಶುರುವಾಗಿದ್ದವು. ಸಾಹೇಬರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ, ಕಾರು ಹತ್ತಿ ತಾವೇ ಹಿಂದಕ್ಕೆ ತೆಗೆದುಕೊಂಡರು.

"ಅತ್ತೆ, ಈ ತುದಿ ಹಿಡ್ಕೊಳ್ಳಿ" ಎಂದು ಇಂಜಿನಿಯರಮ್ಮ ಬಿಳಿ ಟೇಪಿನ ಸುರುಳಿ ಬಿಚ್ಚಿದಳು. ಅತ್ತೆ ತುದಿ ಹಿಡಿದು ನಡುರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಹೊಸ ಗೆರೆ ಬಿತ್ತು. ಬಿದ್ದ ಕೋನಿನ ಜಾಗಕ್ಕೆ ಇನ್ನೊಂದನ್ನು ಸಾಹೇಬರೇ ತಂದಿಟ್ಟರು. ಬೇಕೆಂದೇ ನಾಲ್ಕು ಬೆರಳು ಮುಂದಕ್ಕೆ ಇಟ್ಟರೆಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ಈ ಸಲ ಬಿರುಗಾಳಿ ಸೈರನ್ ಹಾಕಿಕೊಂಡೇ ಬಂದ. ಗಾಡಿಯ ಮೂತಿ ಖಾಲಿ ಜಾಗಕ್ಕೆ ಅಗಲವಾಗಿ ಚಾಚಿತು, ಮೈ ಅದರ ಹಿಂದೆ ಬಾಗಿತು, ಹಿಂದಿನ ಚಕ್ರ ಕೋನಿನಿಂದ ಒಂದು ಗೇಣು ದೂರದಲ್ಲಿ ಸಾಗಿತು. ಗಾಳಿಗೆ ಕೋನು ನಡುಗಿತು. ಬೀಳಲಿಲ್ಲ. ಹಿಂದಿನದೂ ಬೀಳಲಿಲ್ಲ, ಮುಂದಿನದೂ ಬೀಳಲಿಲ್ಲ. ಅಡ್ಡರಸ್ತೆಯ ಮಹಡಿಗಳಿಂದ ಇಣುಕುತ್ತಿದ್ದವರು ಯಾಕೆ ಏನು ಎಂದು ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದರು. ಮಗಳು ಅಮ್ಮನ ಸೊಂಟ ತಬ್ಬಿ ನೆಲದಿಂದ ಎತ್ತಿಯೇಬಿಟ್ಟಳು. ಇಷ್ಟು ದೊಡ್ಡವಳು ಯಾವಾಗ ಆದಳು ಎಂದು ಆ ಗಲಾಟೆಯ ನಡುವೆಯೂ ತಾಯಿಗೆ ಅಚ್ಚರಿಯಾಯಿತು.

ಗಾಡಿ ಇಡೀ ಬೀದಿ ಸುತ್ತಿ ಮತ್ತೆ ಬಂತು. ಮತ್ತೆ ತಿರುಗಿತು, ಕೋನುಗಳು ಕದಲಲಿಲ್ಲ. ಈ ಸುತ್ತನ್ನು ಯಾರೂ ಕೇಳಿರಲಿಲ್ಲ.

"ಸಾಕು ಅಂತ ಹೇಳಮ್ಮ ಅವನಿಗೆ" ಎಂದರು ಸಾಹೇಬರು, ನಗು ತಡೆದುಕೊಳ್ಳುತ್ತ. "ಕಲ್ಲು ಸೋಮವಾರ. ಗೆರೆಗೆ ಇವತ್ತೇ ಬಣ್ಣ ಹಾಕ್ಸು."

ಕಲ್ಲು ಕೂತು ಸಿಮೆಂಟ್ ಗಟ್ಟಿಯಾದ ಬೆಳಗ್ಗೆ ಅತ್ತೆ ತಾವಾಗಿಯೇ ಬೀಗ ತೆಗೆದರು. ಆದರೂ ನಂಬಿಕೆ ಸಾಲದೆ ಸೊಸೆಯ ಜೊತೆ ಮೂಲೆಗೆ ಬಂದು ನಿಂತರು. ಮರಳು ತುಂಬಿದ ಲಾರಿಯೊಂದು ಎಡಕ್ಕೆ ಹೊರಳತೊಡಗಿತ್ತು. ಹೊಸ ಮೂಲೆಯಲ್ಲಿ ಅದು ಆಮೆಯಾಯಿತು. ಚಾಲಕ ಸೈಕಲ್ಲಿನಲ್ಲಿ ದಾಟಲು ಬಂದ ಹುಡುಗಿಯನ್ನು ಎದುರುಗಾಜಿನಲ್ಲೇ ಕಂಡು, ಪೂರ್ತಿ ನಿಂತು, ಹೋಗು ಎಂದು ಕೈ ಬೀಸಿದ.

"ನಿಂತನಲ್ಲೇ" ಎಂದರು ಅತ್ತೆ.

"ನಿಲ್ಲಲೇಬೇಕು ಅತ್ತೆ. ಮೂಲೆಯೇ ನಿಲ್ಸುತ್ತೆ."

ಮಗಳು ಪೆಡಲ್ ಮೇಲೆ ಎದ್ದು ನಿಂತು ಲಾರಿಯ ಮುಂದೆಯೇ ನೆಟ್ಟಗೆ ದಾಟಿದಳು. ಅವಳ ಹಿಂದೆ ಪತ್ರಿಕೆ ಹಾಕುವವನು, ಅವನ ಹಿಂದೆ ಮಗುವನ್ನು ಕೂರಿಸಿಕೊಂಡ ಒಬ್ಬ ತಂದೆ. ಆಚೆ ದಡದಲ್ಲಿ ದಾರಿ ಪೂರ್ತಿ ಖಾಲಿಯಿತ್ತು. ಆದರೂ ಹುಡುಗಿ ರಸ್ತೆಯ ತುದಿಯವರೆಗೆ ಬೆಲ್ ಬಾರಿಸುತ್ತಲೇ ಹೋದಳು.