ಕಿತ್ತ ಬಳ್ಳಿಯ ವೈನು

ಮೇಲಿನ ದಿಬ್ಬದ ಪಿನೋ ದೋನಿಸ್ ಬಳ್ಳಿಗಳನ್ನು ಫೆಬ್ರವರಿಯಲ್ಲಿ ಕೀಳಿಸಿದವಳು ನಾನೇ. ನನ್ನ ಗಂಡನ ಅಜ್ಜ ನೆಟ್ಟ ತೋಟ ಅದು. ಮೆಣಸಿನ ಘಾಟಿನ ತೆಳು ಕೆಂಪು ವೈನು ಕೊಡುವ ದ್ರಾಕ್ಷಿ. ಒಂದು ವರ್ಷ ಗೊಂಚಲು ತುಂಬಿದರೆ ಎರಡು ವರ್ಷ ಮುನಿಸು. ಗಂಡ ಬದುಕಿದ್ದರೆ ಒಪ್ಪುತ್ತಿರಲಿಲ್ಲ. ಏಳು ಎಕರೆಯನ್ನು ಒಬ್ಬಳೇ ನೋಡುವವಳಿಗೆ ಬಳ್ಳಿಯ ಮುನಿಸು ತೀರಿಸುತ್ತ ಕೂರಲು ಪುರುಸೊತ್ತೆಲ್ಲಿ? ಶೆನಾಂ ಎಂಬ ಬಿಳಿ ದ್ರಾಕ್ಷಿ ನೆಡುವುದೆಂದು ತೀರ್ಮಾನಿಸಿ, ಕಿತ್ತ ಬುಡಗಳನ್ನು ಅಲ್ಲೇ ರಾಶಿ ಹಾಕಿ ಸುಟ್ಟೆವು.

ಅದೇ ದಿಬ್ಬದ ಹೊಟ್ಟೆಯಲ್ಲಿ, ಸುಣ್ಣಕಲ್ಲು ಕೊರೆದು ಮಾಡಿದ ನಮ್ಮ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ, ಆ ಬಳ್ಳಿಗಳ ಕಡೆಯ ವೈನು ನಾಲ್ಕು ಪೀಪಾಯಿ ಉಳಿದಿತ್ತು.

ನಮ್ಮ ಲ್ವಾರ್ ನದಿಯ ದಂಡೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಜೂನ್‌ನಲ್ಲಿ ಬಳ್ಳಿ ಹೂ ಬಿಟ್ಟಾಗ ಅದರ ವೈನು ಪೀಪಾಯಿಯೊಳಗೆ ಮಗ್ಗುಲು ಹೊರಳುತ್ತದೆ, ಉಸಿರು ಬಿಡುತ್ತದೆ. ಆ ಉಸಿರು ನೆಲಕ್ಕೆ ಕೂತು ಮನುಷ್ಯರ ಉಸಿರು ಕಸಿಯುತ್ತದೆ. ಅದಕ್ಕೇ ಆ ವಾರ ಮೇಣದಬತ್ತಿಯನ್ನು ಮೊಣಕಾಲೆತ್ತರಕ್ಕೆ ಹಿಡಿದು ಒಳಹೋಗಬೇಕು. ದೀಪ ಕುಗ್ಗಿದರೆ ಹಿಂದಿರುಗಬೇಕು. ನನ್ನ ಮಗಳು ಸೊಲೆನ್ ನಡೆಯಲು ಕಲಿತಾಗಲೇ ಇದನ್ನೂ ಕಲಿತಿದ್ದಳು.

ಜೂನ್‌ನ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ, ಆ ಕಡೆಯ ವೈನು ಹೇಗಾಗಿದೆ ನೋಡೋಣವೆಂದು ಹೂಜಿ ಹಿಡಿದು ಎದ್ದಳು. ಬತ್ತಿ ಹುಡುಕತೊಡಗಿದಳು. ನಮ್ಮ ಹಳೆಯ ಆಳು ಫಿರ್ಮಾಂ ಆಡಿನ ಚೀಸ್ ಕೊಯ್ಯುತ್ತ ನಕ್ಕ.

“ಬತ್ತಿ ಹಿಡ್ಕೊಂಡು ಎಲ್ಲಿಗೆ ತಾಯಿ, ಮೆರವಣಿಗೆಗಾ? ಹೆತ್ತ ಬಳ್ಳೀನೇ ಸುಟ್ಟು ಬೂದಿ ಮಾಡಿದೀವಿ. ಇನ್ನು ಮಗು ಯಾರಿಗೋಸ್ಕರ ಹೊರಳತ್ತೆ?”

ನನಗೂ ಸರಿಯೆನಿಸಿತು. ಬತ್ತಿ ಬೇಡ, ಹಾಗೇ ಹೋಗಿ ಬಾ ಎಂದೆ.

ಅವಳ ಬಟ್ಟಲಿನ ಸೂಪು ಆರಿತು. ಅವಳು ಬರಲಿಲ್ಲ.

ಬತ್ತಿ ಹಚ್ಚಿಕೊಂಡು ನಾವಿಬ್ಬರೂ ನೆಲಮಾಳಿಗೆಯ ಬಾಯಿಗೆ ಹೋದಾಗ ಕೇಳಿಸಿತು: ನಾಲ್ಕು ಜನ ಹಲ್ಲು ಕಚ್ಚಿಕೊಂಡು ಪಿಸುಗುಟ್ಟುವಂಥ ಸದ್ದು. “ವೈನು ಹೊರಳ್ತಾ ಇದೆ” ಎಂದ ಫಿರ್ಮಾಂ. ಕೊನೆಯ ಕೋಣೆಯ ಹೊಸ್ತಿಲಲ್ಲಿ ಬತ್ತಿಯನ್ನು ಮೊಣಕಾಲಿಗೆ ಹಿಡಿದೆ, ಆರಿತು. ಮತ್ತೆ ಹಚ್ಚಿ ಸೊಂಟಕ್ಕೆ ಹಿಡಿದೆ, ಆರಿತು. ಎದೆಯ ಎತ್ತರದಲ್ಲಿ ಮಾತ್ರ ಮಿಣುಕಿತು. ಅದಕ್ಕಿಂತ ಕೆಳಗೆ ಬಿದ್ದವರು ಏಳುವುದಿಲ್ಲ. ಬತ್ತಿಯನ್ನು ಅವನ ಕೈಗೆ ಕೊಟ್ಟು, ಉಸಿರು ಬಿಗಿಹಿಡಿದು ನುಗ್ಗಿದೆ.

ನೆಲವೆಲ್ಲ ತಡಕಿದೆ. ಮಗಳು ಅಲ್ಲಿರಲಿಲ್ಲ. ಫಿರ್ಮಾಂ ಬತ್ತಿಯನ್ನು ತಲೆಯ ಮೇಲಕ್ಕೆ ಎತ್ತಿದಾಗ ಕಂಡಳು. ಪೀಪಾಯಿಗಳ ನಡುವೆ ನೆಟ್ಟಗೆ ನಿಂತಿದ್ದಳು, ಕತ್ತು ವಾಲಿತ್ತು. ನಿಂತಿದ್ದಳು ಎನ್ನಲಾರೆ, ಪಾದಗಳು ನೆಲ ಮುಟ್ಟಿರಲಿಲ್ಲ. ಚಾವಣಿಯ ಕಲ್ಲು ಸೀಳಿ ಇಳಿದ ಬೇರುಗಳು ಅವಳ ಕಂಕುಳಲ್ಲಿ ಹಾಯ್ದು ಬೆನ್ನಿಗೆ ಸುತ್ತಿಕೊಂಡಿದ್ದವು. ಮೇಲೆ ಬುಡವೇ ಇಲ್ಲದ ಬೇರುಗಳು. ಆದರೂ ಹಸಿಯಾಗಿದ್ದವು, ಮುಟ್ಟಿದರೆ ಬೆಚ್ಚಗಿದ್ದವು.

ಕಿತ್ತ ಬಳ್ಳಿ ಸೇಡು ತೀರಿಸಿಕೊಳ್ಳುತ್ತಿದೆ ಎನಿಸಿತು. ಬೇರೇನೂ ತೋಚಲಿಲ್ಲ. ಏಪ್ರನ್ ಜೇಬಿನಲ್ಲಿದ್ದ ಬಳ್ಳಿ ಸವರುವ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿದೆ. ಪ್ರತಿ ಸಲವೂ ಕೆನ್ನೆಗೆ ನೀರು ಚಿಮ್ಮಿತು. ಕಡೆಯದು ತುಂಡಾದಾಗ ಅವಳ ಭಾರವೆಲ್ಲ ನನ್ನ ಹೆಗಲಿಗೆ ಬಿತ್ತು.

ಹೊರಗೆ ಬಿಸಿಲಲ್ಲಿ ಮಲಗಿಸಿ ಬೆನ್ನು ಉಜ್ಜಿದೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಕೆಮ್ಮಿದಳು. ಫಿರ್ಮಾಂ ಟೋಪಿಯಿಂದ ಮುಖ ಮುಚ್ಚಿಕೊಂಡ.

“ಬಿಡಿಸ್ಕೊಂಡು ಬಂದೆ ಮಗಳೇ, ಇನ್ನೇನಿಲ್ಲ” ಎಂದೆ.

ಅವಳು ತೋಳಿನ ಮೇಲಿನ ಕೆಂಪು ಬರೆಗಳನ್ನು ನೋಡಿಕೊಂಡಳು. ಹೂಜಿ ಜಾರಿದ್ದು ನೆನಪಿದೆಯಂತೆ, ನೆಲದ ತಣ್ಣನೆಯ ಕಲ್ಲಿಗೆ ಕೆನ್ನೆ ತಾಗಿದ್ದು ನೆನಪಿದೆಯಂತೆ. ಆಮೇಲೆ ಯಾರೋ ನಿಧಾನವಾಗಿ, ತೊಟ್ಟಿಲಿಂದ ಕೂಸನ್ನು ಎತ್ತುವ ಹಾಗೆ, ಗಾಳಿಯಿರುವ ಎತ್ತರಕ್ಕೆ ಎತ್ತಿ ಹಿಡಿದುಕೊಂಡರಂತೆ.

“ಅದನ್ನ ಯಾಕಮ್ಮ ಕತ್ತರಿಸ್ದೆ?” ಎಂದಳು.

ನೆಲಮಾಳಿಗೆಯೊಳಗಿನ ಪಿಸುಮಾತು ಆಗಲೇ ಒಂದೊಂದೇ ಪೀಪಾಯಿಯಲ್ಲಿ ನಿಲ್ಲತೊಡಗಿತ್ತು.