ಚೊಕ್ಕ ಪ್ರತಿ

ಹಳೇ ಪುಸ್ತಕದಲ್ಲಿ ಪೆನ್ಸಿಲ್ ಬರಹ ಕಂಡರೆ ನನಗೆ ಮೈ ಉರಿಯುತ್ತದೆ. ಕೊಳ್ಳುವವರಿಗೆ ಚೊಕ್ಕ ಪ್ರತಿ ಬೇಕು. ಅದಕ್ಕೇ ಅಂಗಡಿಗೆ ಬಂದ ಪುಸ್ತಕವನ್ನು ಮೊದಲು ಕೊಡವುತ್ತೇನೆ. ಉದುರಿದ ಚೀಟಿ, ಸೋಪಿನ ಲೇಬಲ್ಲು, ಹಳೇ ಮದುವೆ ಕಾಗದ ಬೇರೆ ಡಬ್ಬಿಗೆ ಹೋಗುತ್ತವೆ, ಅವಕ್ಕೂ ಗಿರಾಕಿಗಳಿದ್ದಾರೆ. ಆಮೇಲೆ ರಬ್ಬರ್ ಹಿಡಿದು ಕೂರುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಗುಜರಿಯವನು ತಂದ ಮೂಟೆಯಲ್ಲಿ ರಟ್ಟು ಹರಿದ ಮನೆವಾರ್ತೆಯ ಪುಸ್ತಕವೊಂದಿತ್ತು. ಬಟ್ಟೆಯ ಕಲೆ ತೆಗೆಯುವುದು, ಕೂಸಿಗೆ ಕೆಮ್ಮಾದರೆ ಏನು ಮಾಡುವುದು, ನೆಂಟರನ್ನು ಹೇಗೆ ನೋಡಿಕೊಳ್ಳುವುದು, ಇಂಥದ್ದೆಲ್ಲ. ಬೆನ್ನಿಗೆ ಯಾರೋ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದರು. ಅಂಚಿನ ತುಂಬ ಪೆನ್ಸಿಲ್ ಬರಹ. ಅಚ್ಚಿನ ಅಕ್ಷರ ನೋಡಿ ತಿದ್ದಿದ ಹಾಗೆ, ಒಂದೊಂದೇ ಬಿಡಿ ಬಿಡಿ.

ಓದದೆ ಉಜ್ಜುತ್ತಾ ಹೋದೆ. ಒಂದು ಸಾಲು ಮಾತ್ರ ಕಣ್ಣಿಗೆ ಬಿತ್ತು. ಎದುರು ಕೂತಿದ್ದ ಬೈಂಡರಿಗೆ ಓದಿ ಹೇಳಿದೆ: “‘ತಮ್ಮ ಬಂದರೆ ಮೊದಲು ನೀರು ಕೊಡಬೇಕು. ಬೈದು ಬೈದು ಅವನ ಗಂಟಲು ಒಣಗಿರುತ್ತೆ.’”

ಬೈಂಡರ್ ಹೊಟ್ಟೆ ಹಿಡಿದು ನಕ್ಕ. “ನಿನ್ನ ತಳಿಯೇ ಕಣಯ್ಯಾ ಅವನೂ!”

“ಬಾಯ್ಮುಚ್ಕೊಂಡು ಹೊಲಿ,” ಅಂದೆ. ನಗುತ್ತಲೇ ಅದನ್ನೂ ಅಳಿಸಿದೆ. ಅವನು ನೀಲಿ ದಾರ ಕತ್ತರಿಸಿ ಬಿಳಿ ದಾರ ಹಾಕಿದ.

ಮೂರನೇ ದಿನ ಅಕ್ಕನ ಮಗಳು ಬಂದಳು. ಅಕ್ಕ ತೀರಿಕೊಂಡು ತಿಂಗಳಾಗಿತ್ತು. ಈ ಹುಡುಗಿಯ ಮದುವೆ ಕಾಗದದಲ್ಲಿ ನನ್ನ ಹೆಸರನ್ನು ಎಲ್ಲರಿಗಿಂತ ಕೆಳಗೆ ಹಾಕಿಸಿದ್ದಕ್ಕೆ ಭಾವನ ಮೇಲೆ ಕೂಗಾಡಿ ಎದ್ದು ಬಂದವನು ನಾನು. ಏಳು ವರ್ಷ ಆ ಮನೆಯ ಹೊಸಿಲು ತುಳಿಯಲಿಲ್ಲ. ಹೋದದ್ದು ಅಕ್ಕನ ಹೆಣ ನೋಡಲು.

“ಮಾವ, ಅಮ್ಮನ ಪುಸ್ತಕಾನ ಅಪ್ಪ ಗುಜರಿಗೆ ಹಾಕ್ಬಿಟ್ಟಿದ್ದಾರೆ. ಗುಜರಿಯವನು ನಿನಗೇ ಕೊಟ್ಟೆ ಅಂದ. ಬೆನ್ನಿಗೆ ನೀಲಿ ದಾರ ಹೊಲಿದಿತ್ತು.”

“ನಿಮ್ಮಮ್ಮನಿಗೆ ಯಾವ ಪುಸ್ತಕಾನೇ? ಒಂದನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ರಲ್ಲ ಅವಳನ್ನ.” ಬಿಡಿಸಿದ್ದು ನನ್ನನ್ನು ಎತ್ತಿಕೊಂಡಿರಲಿ ಅಂತ.

“ನನ್ನ ಮಗನಿಗೆ ಅಕ್ಷರ ಹೇಳಿಕೊಡುವಾಗ ಜೊತೆಗೆ ಕೂತು ಕಲಿತ್ಳು. ಆ ಪುಸ್ತಕ ನೋಡ್ಕೊಂಡು ಅದರಲ್ಲೇ ಬರೆಯೋಳು. ‘ನಿಮ್ಮ ಮಾವ ಬಂದಾಗ ನಾನೇ ತೋರಿಸ್ತೀನಿ, ನೀನು ಬಾಯಿ ಬಿಡಬೇಡ’ ಅಂದಿದ್ಳು. ಅವಳ ಕೈಬರಹ ಅಂತ ಇರೋದು ಅದೊಂದೇ.”

ಬೈಂಡರ್ ಕೈಲಿದ್ದ ಸೂಜಿ ಕೆಳಗಿಟ್ಟ. ಪುಸ್ತಕ ತೆಗೆದುಕೊಟ್ಟೆ. ಅವಳು ಮೊದಲ ಪುಟ ನೋಡಿದಳು, ನಡುವಿನದು ನೋಡಿದಳು.

“ಇದಲ್ಲ ಬಿಡು, ಮಾವ.”

“ಇದೇ ಕಣಮ್ಮ. ನಾನೇ ಅಳಿಸಿದೆ.”

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಖಾಲಿ ಅಂಚಿನ ಮೇಲೆ ಬೆರಳಾಡಿಸುತ್ತಾ, “ಏನಾದ್ರೂ ಓದಿದ್ಯಾ?” ಅಂತ ಕೇಳಿದಳು. ಆ ಒಂದು ಸಾಲು ಹೇಳಹೊರಟೆ. ‘ಮೊದಲು ನೀರು ಕೊಡಬೇಕು’ ಅನ್ನುವಲ್ಲಿಗೆ ನಿಲ್ಲಿಸಿದೆ. ಉಳಿದರ್ಧ ಬೈಂಡರ್ ಹೇಳಿದ.

ಅವಳು ಎದ್ದು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ನನ್ನ ಮುಂದಿಟ್ಟಳು.

“ಯಾವ ಪುಟ, ಮಾವ?”

ಒಂದೊಂದೇ ಪುಟವನ್ನು ಬೆಳಕಿಗೆ ಹಿಡಿದು ಹುಡುಕಿದೆ. ಒಂದು ಗೆರೆಯೂ ಸಿಗಲಿಲ್ಲ. ಅಷ್ಟು ಚೊಕ್ಕ ನನ್ನ ಕೆಲಸ.