ನಂಬರ್ ನೂರಾ ಹನ್ನೊಂದರ ಫೋಟೊ

ವಾಗ್ಳೆ ಎಸ್ಟೇಟಿನ ನಮ್ಮ ಗಲ್ಲಿಯ ಹಳೆಯ ಬಾಳನ್ನೆಲ್ಲ ಆವತ್ತು ಕಚೇರಿಯ ಗೋಡೆಗೆ ಅಂಟಿಸಿದ್ದರು. ಎಪ್ಪತ್ತಾರರ ಗುಡಿಸಲು ಗಣತಿಯಲ್ಲಿ ತೆಗೆದ ಫೋಟೊಗಳು. ಒಂದೊಂದು ಗುಡಿಸಲು, ಅದರ ಮುಂದೆ ಒಂದೊಂದು ಸಂಸಾರ, ಕೈಯಲ್ಲಿ ನಂಬರ್ ಬರೆದ ಪಾಟಿ. ಆಗ ನಲ್ಲಿಯಿಲ್ಲ, ದೀಪವಿಲ್ಲ, ಮೊಣಕಾಲುದ್ದ ಕೆಸರು. ಹತ್ತು ವರ್ಷದಲ್ಲಿ ಅವರಲ್ಲಿ ಅರ್ಧ ಮಂದಿ ಮಣ್ಣು ಸೇರಿದ್ದಾರೆ. ಫೋಟೊದಲ್ಲಿದ್ದವರ ಗುಡಿಸಲು ಇನ್ನು ಅವರ ಹೆಸರಿಗೇ ಪಕ್ಕಾ ಆಗುತ್ತದೆ, ಇಲ್ಲದವರನ್ನು ಎಬ್ಬಿಸುತ್ತಾರೆ.

ನಂಬರ್ ನೂರಾ ಹನ್ನೊಂದರ ನಮ್ಮ ಫೋಟೊದಲ್ಲಿ ನಾಲ್ವರಿದ್ದೇವೆ. ಇರಬೇಕಾದವರು ಮೂವರೇ: ನನ್ನ ಗಂಡ ಜಟ್ಟೆಪ್ಪ, ಅತ್ತೆ ಮರೆಮ್ಮ, ನಾನು ಗುರಮ್ಮ. ಮೂವರು ಫೋಟೊ ತೆಗೆಸಿಕೊಂಡರೆ ಒಬ್ಬರು ಸಾಯುತ್ತಾರಂತೆ! "ಮೂರ ಮಂದಿ ನಿಂದ್ರಬ್ಯಾಡ್ರಿ" ಎಂದು ಅತ್ತೆ ಪಕ್ಕದಲ್ಲಿ ಬಾಡಿಗೆಗಿದ್ದ ಸೈದಪ್ಪನನ್ನು ಕೂಗಿ ನಿಲ್ಲಿಸಿದಳು. ಅವನು ನಮ್ಮೂರಿನವನೇ, ನನ್ನ ಗಂಡನಿಗಿಂತ ಹಿರಿಯ. ಭಾವನ ಸಮಾನನಾದವನ ಪಕ್ಕದಲ್ಲಿ ಮುಖ ಬಿಟ್ಟು ನಿಲ್ಲುವುದುಂಟೇ? ಗಲ್ಲದವರೆಗೆ ಸೆರಗೆಳೆದೆ. ಫೋಟೊದವನು "ಚೆಹರಾ ದಿಖಾವ್, ಬಾಯಿ" ಎಂದು ಮುಖ ತೋರಿಸಲು ಹೇಳಿ ಗಂಟಲು ಹರಿದುಕೊಂಡರೂ ನಾನು ಜಗ್ಗಲಿಲ್ಲ. ಎಂಥಾ ದಡ್ಡಿ ನಾನು!

ಅತ್ತೆ ಹೋದಳು. ಹೋದ ವರ್ಷ ಗಂಡನೂ ಹೋದ. ಅಲ್ಲಿಂದೀಚೆಗೆ ಸೈದಪ್ಪ ವಾರಕ್ಕೆರಡು ಸಲ ಬಂದು ನಮ್ಮ ಗೋಡೆ ತಟ್ಟಿ ನೋಡುತ್ತಿದ್ದ, ಬಾಗಿಲಿನ ಅಗಲ ಗೇಣಿನಿಂದ ಅಳೆಯುತ್ತಿದ್ದ. ಏನೆಂದು ಕೇಳಿದರೆ ನಗುತ್ತಿದ್ದ.

ಆವತ್ತು ಕಚೇರಿಯ ಸಾಹೇಬ ಫೋಟೊ ತೋರಿಸಿ, "ಇದರಾಗ ನೀ ಎಲ್ಲಿ?" ಎಂದು ಕೇಳಿದ. ಸೆರಗಿನವಳ ಮೇಲೆ ಬೆರಳಿಟ್ಟೆ.

"ಮುಖಾನೇ ಇಲ್ಲಲ್ಲ!"

ಅಷ್ಟರಲ್ಲಿ ಸೈದಪ್ಪ ಮುಂದೆ ಬಂದ. ಫೋಟೊದಲ್ಲಿ ಅವನ ಮುಖ ಮೀಸೆಯ ಸಮೇತ ಸ್ವಚ್ಛವಾಗಿ ಕಾಣುತ್ತದೆ. "ನಾ ಜಟ್ಟೆಪ್ಪನ ಅಣ್ಣ, ಸಾಹೇಬ್. ಸೆರಗ ಹೊತ್ತಾಕಿ ನನ್ನ ಹೆಂಡ್ತಿ ಈರವ್ವ." ಅವನ ಹಿಂದೆ ಒಬ್ಬಳು ಗಲ್ಲದವರೆಗೆ ಸೆರಗೆಳೆದು ನಿಂತಿದ್ದಳು.

"ಥೂ, ಹಲ್ಕಟ್! ಎಲ್ಲಾ ಸುಳ್ಳರೀ! ನನ್ನ ಮಾರಿ ನೋಡ್ರಿ, ಇಡೀ ಗಲ್ಲಿ ಗುರ್ತು ಹಿಡೀತದ!" ಎಂದು ಕಿರುಚಿದೆ. ಸಾಲಿನಲ್ಲಿದ್ದವರ ಕಡೆ ತಿರುಗಿದೆ. ತಮ್ಮ ನಂಬರಿಗೆ ಎಲ್ಲಿ ಕುತ್ತು ಬರುತ್ತದೋ ಎಂದು ಎಲ್ಲರೂ ಮುಖ ಆಚೆ ತಿರುಗಿಸಿದರು.

ಸಾಹೇಬ ನನ್ನ ಮುಖ ನೋಡಿದ, ಫೋಟೊ ನೋಡಿದ, ಆಮೇಲೆ ಈರವ್ವನ ಸೆರಗನ್ನು ನೋಡಿದ. "ಬರೋಬರ್" ಎಂದು ಅವಳ ಕಾಗದಕ್ಕೆ ಠಸ್ಸೆ ಒತ್ತಿದ.

ಮಧ್ಯಾಹ್ನದವರೆಗೂ ಅವನ ಕಾಲು ಹಿಡಿದು ಬೇಡಿ ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು. ನನ್ನ ಒಲೆಯ ಮುಂದೆ ಈರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿ ಕೇಳಿದಳು:

"ಯಾರ ಬೇಕಾಗಿತ್ತವ್ವಾ?"